ವಿದುರಾಶ್ವತ್ಥದಲ್ಲಿ ಗುಂಡು ಹಾರಿಸಿದ್ದು ಯಾರು?

ನಮಸ್ಕಾರ. ಇವತ್ತು ವಿದುರಾಶ್ವತ್ಥದ ಬಗ್ಗೆ ಮಾತಾಡೋಣ. ಗೌರಿಬಿದನೂರು ತಾಲ್ಲೂಕು, ಆಂಧ್ರದ ಗಡಿಗೆ ಅಂಟಿಕೊಂಡ ಹಾಗಿರುವ ಊರು. ಜಾಸ್ತಿ ಜನ ಅಲ್ಲಿಗೆ ಹೋಗುವುದು ನಾಗಪ್ಪನಿಗೆ. ದೇವಸ್ಥಾನದ ಸುತ್ತ ಎಲ್ಲಿ ನೋಡಿದರೂ ನಾಗರಕಲ್ಲು. ಮಕ್ಕಳಾಗಲಿ ಅಂತ ಹರಕೆ ಹೊತ್ತವರು ಇಟ್ಟ ಕಲ್ಲುಗಳು. ಒಂದಕ್ಕೊಂದು ಒರಗಿಕೊಂಡು ನಿಂತಿವೆ. ಹೊಸದರ ಮೇಲೆ ಅರಿಶಿನ ಹಸಿಹಸಿಯಾಗಿರುತ್ತದೆ, ಹಳೆಯದರಲ್ಲಿ ಹೆಡೆಯೇ ಸವೆದು ಹೋಗಿರುತ್ತದೆ.

ಪಕ್ಕದಲ್ಲೇ ಹುತಾತ್ಮರ ಸ್ಮಾರಕ ಇದೆ. ಪೂಜೆ ಮುಗಿಸಿದವರಲ್ಲಿ ಕೆಲವರು ಆ ಕಡೆ ಬರುತ್ತಾರೆ, ಒಂದು ಸೆಲ್ಫಿ ತೆಗೆದುಕೊಳ್ಳುತ್ತಾರೆ, ಹೊರಡುತ್ತಾರೆ. ಅದಕ್ಕೆ ನನ್ನ ತಕರಾರಿಲ್ಲ. ಬಂದರಲ್ಲ, ಅದೇ ದೊಡ್ಡದು. ನನ್ನ ತಕರಾರು ಬೇರೆ. ಇಲ್ಲಿ ಗುಂಡು ಹಾರಿಸಿದವರು ಯಾರು ಅಂತ ಕೇಳಿ ನೋಡಿ. ಹತ್ತರಲ್ಲಿ ಒಂಬತ್ತು ಜನ ತಡಮಾಡದೆ ‘ಬ್ರಿಟಿಷರು’ ಅಂದುಬಿಡುತ್ತಾರೆ.

ಅಲ್ಲ. ಹಾರಿಸಿದ್ದು ಮೈಸೂರು ಸಂಸ್ಥಾನದ ಪೊಲೀಸರು.

1938ರ ಏಪ್ರಿಲ್. ಮದ್ದೂರಿನ ಹತ್ತಿರ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ ಅಧಿವೇಶನ. ಕಾಂಗ್ರೆಸ್ ಧ್ವಜ ಹಾರಿಸಬಾರದು ಅಂತ ಮೈಸೂರು ಸರ್ಕಾರದ ನಿಷೇಧಾಜ್ಞೆ. 11ನೇ ತಾರೀಖು ಅಧಿವೇಶನದ ಅಧ್ಯಕ್ಷ ಟಿ. ಸಿದ್ದಲಿಂಗಯ್ಯ ಹಾರಿಸಿಯೇಬಿಟ್ಟರು, ಬಂಧನವಾಯಿತು. ಎರಡು ವಾರ ಕಳೆದು, ಏಪ್ರಿಲ್ 25ಕ್ಕೆ, ವಿದುರಾಶ್ವತ್ಥದಲ್ಲಿ ಜನ ಸೇರಿದರು. ಸುತ್ತಮುತ್ತಲ ಹಳ್ಳಿಗಳ ರೈತರು, ಹೆಂಗಸರು. ಅಲ್ಲೂ ನಿಷೇಧ, ಅಲ್ಲೂ ಅದೇ ಧ್ವಜ. ಪೊಲೀಸರು ಗುಂಡು ಹಾರಿಸಿದರು. ಸರ್ಕಾರ ಒಪ್ಪಿಕೊಂಡದ್ದು ಹತ್ತರ ಆಸುಪಾಸಿನ ಸಾವು. ಜನ ಇವತ್ತಿಗೂ ಹೇಳುವುದು ಮೂವತ್ತಕ್ಕೂ ಜಾಸ್ತಿ.

ಆಗ ಸಿಂಹಾಸನದ ಮೇಲೆ ಇದ್ದವರು ಯಾರು? ನಾಲ್ವಡಿ ಕೃಷ್ಣರಾಜ ಒಡೆಯರ್. ದಿವಾನರು ಮಿರ್ಜಾ ಇಸ್ಮಾಯಿಲ್. ಗಾಂಧೀಜಿಯೇ ‘ರಾಜರ್ಷಿ’ ಅಂದ ಅರಸು. ಕೆಆರ್‌ಎಸ್ ಕಟ್ಟಿಸಿದವರು, ನಮ್ಮಲ್ಲಿ ಎಷ್ಟೋ ಮನೆಗಳ ಗೋಡೆ ಮೇಲೆ ಫೋಟೋ ಇರುವವರು. ನನಗೂ ಅವರ ಮೇಲೆ ಗೌರವ ಇದೆ. ಹಾಗಂತ ಈ ಗುಂಡಿನ ಲೆಕ್ಕವನ್ನು ಸುಮ್ನೆ ಲಂಡನ್ ಖಾತೆಗೆ ಬರೆದು ಕೈತೊಳೆದುಕೊಳ್ಳೋಕಾಗತ್ತಾ?

‘ಕರ್ನಾಟಕದ ಜಲಿಯನ್‌ವಾಲಾಬಾಗ್’ ಅಂತ ಕರೆದು ಬಿಟ್ಟಾಗ ಆಗುವುದು ಇದೇ. ಜನರಲ್ ಡಯರ್ ಮುಖ ಕಣ್ಣ ಮುಂದೆ ಬರುತ್ತದೆ, ಮೈಸೂರಿನ ಪೊಲೀಸ್ ಪೇದೆ ಮಾಯವಾಗುತ್ತಾನೆ. ನಮ್ಮ ಹಳ್ಳಿಯವರ ಹೋರಾಟ ಇದ್ದದ್ದು ಎರಡು ಸುತ್ತಿನದು: ಮೇಲೆ ಬ್ರಿಟಿಷರು, ಮನೆಯೊಳಗೆ ಅರಸರ ಸರ್ಕಾರ. ಒಳಗಿನ ಸುತ್ತು ಎಷ್ಟು ಗಟ್ಟಿ ಇತ್ತು ಅಂದ್ರೆ, 1947ರ ಆಗಸ್ಟ್ 15 ಆದ ಮೇಲೂ ಅರಸರು ಅಧಿಕಾರವನ್ನು ಜನರಿಗೆ ಕೊಡಲಿ ಅಂತ ಇಲ್ಲಿ ‘ಮೈಸೂರು ಚಲೋ’ ಚಳವಳಿ ಮಾಡಬೇಕಾಯಿತು. ಜವಾಬ್ದಾರಿ ಸರ್ಕಾರ, ಅಂದರೆ ಜನರಿಗೆ ಉತ್ತರ ಕೊಡಬೇಕಾದ ಸರ್ಕಾರ, ಬಂದದ್ದು ಅಕ್ಟೋಬರ್‌ನಲ್ಲಿ, ಕೆ.ಸಿ. ರೆಡ್ಡಿ ಮುಖ್ಯಮಂತ್ರಿಯಾದಾಗ.

ಇನ್ನೊಂದು ವಿಷಯ. ಸತ್ತವರ ಸಾವು ಸುಮ್ನೆ ಹೋಗಲಿಲ್ಲ. ಸುದ್ದಿ ಹಬ್ಬಿದ ಮೇಲೆ ಸರ್ದಾರ್ ಪಟೇಲ್, ಆಚಾರ್ಯ ಕೃಪಲಾನಿ ಬೆಂಗಳೂರಿಗೆ ಬಂದರು. ಮಿರ್ಜಾ ಜೊತೆ ಒಪ್ಪಂದವಾಯಿತು. ಮೈಸೂರಿನ ಬಾವುಟದ ಪಕ್ಕದಲ್ಲಿ ಕಾಂಗ್ರೆಸ್ ಧ್ವಜವೂ ಹಾರಬಹುದು ಅಂತಾಯಿತು. ಯಾವುದಕ್ಕೆ ಗುಂಡು ಹಾರಿಸಿದ್ದರೋ ಅದನ್ನೇ ಕೆಲವೇ ವಾರಗಳಲ್ಲಿ ಒಪ್ಪಿಕೊಂಡರು! ಇದು ನಮ್ಮ ಶಾಲೆ ಮಕ್ಕಳಿಗೆ ಗೊತ್ತಿರಬೇಕಾದ ಕಥೆ ಅಲ್ವಾ?

ಮಕ್ಕಳನ್ನು ಟೂರಿಗೆ ಕರೆದುಕೊಂಡು ಹೋಗುವ ಮೇಷ್ಟ್ರುಗಳೇ, ಟೀಚರ್‌ಗಳೇ, ನಂದಿಬೆಟ್ಟದ ಜೊತೆ ಇದನ್ನೂ ಸೇರಿಸಿಕೊಳ್ಳಿ. ಸ್ಮಾರಕದ ಮುಂದೆ ಸಾಲಾಗಿ ನಿಲ್ಲಿಸಿ ಜೈಕಾರ ಹಾಕಿಸಿ, ಬೇಡ ಅನ್ನಲ್ಲ. ಆಮೇಲೆ ಅಲ್ಲೇ ಕೂರಿಸಿ, ಆ ಪೊಲೀಸರಿಗೆ ಸಂಬಳ ಕೊಡುತ್ತಿದ್ದದ್ದು ಯಾರು ಅಂತ ಕೇಳಿ.