ಹೇಳಲಾರದವರ ಪರವಾಗಿ ನೋಡುವುದು: ಡಿಮೆನ್ಷಿಯಾ ಆರೈಕೆ ಕೇಂದ್ರಗಳ ತಪಾಸಣೆ

ಮಾನ್ಯ ಅಧ್ಯಕ್ಷರೇ, ಹಿರಿಯರೇ, ಆರೈಕೆಯ ಕೆಲಸದಲ್ಲಿ ತೊಡಗಿರುವ ಸ್ನೇಹಿತರೇ,

ದಕ್ಷಿಣ ಆಸ್ಟ್ರೇಲಿಯಾದ ಅಡಿಲೇಡ್ ನಗರದ ಓಕ್‌ಡೆನ್ ಎಂಬಲ್ಲಿ ಸರ್ಕಾರವೇ ನಡೆಸುತ್ತಿದ್ದ ವೃದ್ಧರ ಆರೈಕೆ ಕೇಂದ್ರವೊಂದಿತ್ತು. ನೆನಪು, ಮಾತು, ಅರಿವು ಕ್ರಮೇಣ ಕುಂದುವ ಡಿಮೆನ್ಷಿಯಾ ತೀವ್ರವಾಗಿರುವ, ಬೇರೆ ಕೇಂದ್ರಗಳು ತಮ್ಮಿಂದಾಗದು ಎಂದು ಕೈಚೆಲ್ಲಿದ ರೋಗಿಗಳು ಅಲ್ಲಿಗೆ ಬರುತ್ತಿದ್ದರು. 2016ರ ಆರಂಭದಲ್ಲಿ ಆ ದೇಶದ ಗುಣಮಟ್ಟ ಸಂಸ್ಥೆಯ ತಪಾಸಕರು ಈ ಕೇಂದ್ರವನ್ನು ಪರೀಕ್ಷಿಸಿ, 44 ಮಾನದಂಡಗಳಲ್ಲಿ 44ರಲ್ಲೂ ತೇರ್ಗಡೆ ಎಂದು ಬರೆದರು. ಅದೇ ವರ್ಷ ಅಲ್ಲಿದ್ದ ವೃದ್ಧರೊಬ್ಬರ ಮನೆಯವರು, ಅವರ ಮೈಮೇಲೆ ಯಾರೂ ಕಾರಣ ಹೇಳದ ಗಾಯದ ಗುರುತುಗಳಿರುವುದನ್ನೂ ವೈದ್ಯರು ಬರೆದದ್ದರ ಹತ್ತುಪಟ್ಟು ಔಷಧವನ್ನು ಅವರಿಗೆ ಕೊಡಲಾಗಿದ್ದುದನ್ನೂ ಕಂಡು ದೂರು ಕೊಟ್ಟರು. ರಾಜ್ಯದ ಮುಖ್ಯ ಮನೋವೈದ್ಯ ಏರನ್ ಗ್ರೋವ್ಸ್ ಅವರ ತಂಡ 2017ರ ಏಪ್ರಿಲ್‌ನಲ್ಲಿ ಕೊಟ್ಟ ವರದಿ ಅಲ್ಲಿನ ಕಟ್ಟಿಹಾಕುವ ರೂಢಿಯನ್ನೂ ಔಷಧದ ತಪ್ಪುಗಳನ್ನೂ ನಿರ್ಲಕ್ಷ್ಯವನ್ನೂ ಬಯಲಿಗೆಳೆಯಿತು. ಕೇಂದ್ರ ಮುಚ್ಚಿತು. 2018ರ ಅಕ್ಟೋಬರ್‌ನಲ್ಲಿ ಇಡೀ ದೇಶದ ವೃದ್ಧರ ಆರೈಕೆಯ ವಿಚಾರಣೆಗೆ ರಾಯಲ್ ಕಮಿಷನ್ ನೇಮಕವಾಗಲು ಓಕ್‌ಡೆನ್ ಪ್ರಕರಣವೂ ಒಂದು ಕಾರಣ.

ಕೆಟ್ಟ ಕೇಂದ್ರಗಳು ಎಲ್ಲ ದೇಶಗಳಲ್ಲೂ ಇವೆ. ಇಲ್ಲಿ ನನ್ನನ್ನು ಕಾಡುವುದು ಆ 44 ಅಂಕಗಳು. ತಪಾಸಕರು ಹೋಗಿದ್ದರು, ಕಡತ ನೋಡಿದ್ದರು, ಸಹಿ ಹಾಕಿದ್ದರು. ಆದರೂ ಒಂದು ಕುಟುಂಬ ಕಂಡದ್ದು ಅವರಿಗೆ ಕಾಣಲಿಲ್ಲ. ಮರುಮಾನ್ಯತೆಯ ತಪಾಸಣೆಯ ದಿನಾಂಕವನ್ನು ಆಗ ಮೊದಲೇ ತಿಳಿಸುವ ಪದ್ಧತಿಯಿತ್ತು. ಓಕ್‌ಡೆನ್ ನಂತರದ ಪರಿಶೀಲನಾ ಸಮಿತಿ ಇದನ್ನು ಬಿಡಬೇಕೆಂದು ಶಿಫಾರಸು ಮಾಡಿ, 2018ರ ಜುಲೈನಿಂದ ಮುನ್ಸೂಚನೆಯಿಲ್ಲದ ಭೇಟಿಗಳು ಜಾರಿಗೆ ಬಂದವು. ಅದು ಅಗತ್ಯವಾದ ಸುಧಾರಣೆಯೇ. ಆದರೆ ಹೇಳದೆ ಹೋಗಿಯೂ ಕಡತವನ್ನೇ ಓದಿ ಬಂದರೆ ಪ್ರಯೋಜನವೇನು?

ಹೋಟೆಲಿನ ಅಡುಗೆಮನೆಯನ್ನಾಗಲಿ ಆಸ್ಪತ್ರೆಯನ್ನಾಗಲಿ ತಪಾಸಣೆ ಮಾಡುವಾಗ ನಾವು ಹೇಳದೆಯೇ ನಂಬಿಕೊಂಡಿರುವ ಸಂಗತಿಯೊಂದಿದೆ: ಅನ್ಯಾಯವಾದರೆ ಅನುಭವಿಸಿದವರು ಬಾಯಿಬಿಟ್ಟು ಹೇಳುತ್ತಾರೆ. ಡಿಮೆನ್ಷಿಯಾ ಇರುವವರ ವಿಷಯದಲ್ಲಿ ಈ ನಂಬಿಕೆ ನಿಲ್ಲುವುದಿಲ್ಲ. ಬೆಳಿಗ್ಗೆ ಒರಟಾಗಿ ಸ್ನಾನ ಮಾಡಿಸಿದ್ದು ಮಧ್ಯಾಹ್ನಕ್ಕೆ ನೆನಪಿರುವುದಿಲ್ಲ, ಆದರೆ ಆ ಅಂಜಿಕೆ ಮೈಯಲ್ಲಿ ಉಳಿದಿರುತ್ತದೆ. ನೆನಪಿದ್ದರೂ ಮಾತು ಕೈಕೊಡುತ್ತದೆ. ಮಾತು ಬಂದರೂ ಕೇಳಿದವರು ಅರಳುಮರಳೆಂದು ತಳ್ಳಿಹಾಕುತ್ತಾರೆ. ಆದ್ದರಿಂದ ಇಲ್ಲಿ ತಪಾಸಕರೇ ಸಾಕ್ಷಿಯಾಗಬೇಕಾಗುತ್ತದೆ, ಮತ್ತು ಅದಕ್ಕೆ ಕುಳಿತು ನೋಡುವುದನ್ನು ಬಿಟ್ಟು ಬೇರೆ ದಾರಿಯಿಲ್ಲ.

ಇದನ್ನು ವಿಧಾನವಾಗಿ ರೂಪಿಸಿದವರು ಇಂಗ್ಲೆಂಡಿನ ಬ್ರಾಡ್‌ಫರ್ಡ್ ವಿಶ್ವವಿದ್ಯಾಲಯದ ಟಾಮ್ ಕಿಟ್‌ವುಡ್ ಮತ್ತು ಕ್ಯಾತ್ಲೀನ್ ಬ್ರೆಡಿನ್. ಅವರ 'ಡಿಮೆನ್ಷಿಯಾ ಕೇರ್ ಮ್ಯಾಪಿಂಗ್' ಪದ್ಧತಿಯಲ್ಲಿ ತರಬೇತಿ ಪಡೆದ ವೀಕ್ಷಕರು ಹಜಾರದ ಮೂಲೆಯಲ್ಲಿ ಕುಳಿತು, ಐದೈದು ನಿಮಿಷಕ್ಕೊಮ್ಮೆ ಒಬ್ಬೊಬ್ಬ ನಿವಾಸಿ ಏನು ಮಾಡುತ್ತಿದ್ದಾರೆ, ಅವರ ಮನಃಸ್ಥಿತಿ ಹೇಗಿದೆ ಎಂಬುದನ್ನು ದಾಖಲಿಸುತ್ತಾರೆ. ಸಿಬ್ಬಂದಿ ಆಡಿದ ಮಾತು, ಮುಟ್ಟಿದ ರೀತಿ, ಕಂಡೂ ಕಾಣದಂತೆ ದಾಟಿಹೋದದ್ದು ಎಲ್ಲವೂ ದಾಖಲಾಗುತ್ತದೆ. ಯಾರೂ ಹೊಡೆಯದ, ಯಾರೂ ಬೈಯದ ಕೇಂದ್ರದಲ್ಲಿಯೂ ಮನುಷ್ಯನನ್ನು ಇಲ್ಲವಾಗಿಸುವ ಸಣ್ಣಪುಟ್ಟ ನಡವಳಿಕೆಗಳಿರುತ್ತವೆ ಎಂಬುದು ಕಿಟ್‌ವುಡ್ ಅವರ ಮುಖ್ಯ ವಾದ: ಎದುರಿಗಿರುವವರನ್ನು ಬಿಟ್ಟು ಅವರ ತಲೆಯ ಮೇಲಿಂದ ಮಾತಾಡುವುದು, ಹೇಳದೆ ಕೇಳದೆ ಹಿಂದಿನಿಂದ ಗಾಲಿಕುರ್ಚಿ ತಳ್ಳುವುದು, ಎಂಬತ್ತು ದಾಟಿದವರನ್ನು ಮಗುವಿನಂತೆ ಗದರುವುದು. ಇವು ಯಾವ ರಿಜಿಸ್ಟರಿನಲ್ಲೂ ಸಿಗುವುದಿಲ್ಲ. ಇದೇ ಬ್ರಾಡ್‌ಫರ್ಡ್ ತಂಡದ ನೆರವಿನಿಂದ ತಪಾಸಕರಿಗಾಗಿ ಇದರ ಚಿಕ್ಕ ರೂಪವೊಂದು ಸಿದ್ಧವಾಗಿ, ಆರೈಕೆ ಸಂಸ್ಥೆಗಳ ತಪಾಸಣೆ ಮಾಡುವ ಇಂಗ್ಲೆಂಡಿನ ಕೇರ್ ಕ್ವಾಲಿಟಿ ಕಮಿಷನ್ ಅದನ್ನು ಬಳಸುತ್ತಾ ಬಂದಿದೆ.

ವಿಧಾನವಿದ್ದ ಮಾತ್ರಕ್ಕೆ ಎಲ್ಲವೂ ಸರಿಯಾಗಿಬಿಡುವುದಿಲ್ಲ. ಅದೇ ಕಮಿಷನ್ನಿನ ಕಾರ್ಯವೈಖರಿಯನ್ನು ಪರಿಶೀಲಿಸಿದ ಪೆನ್ನಿ ಡ್ಯಾಶ್ ಅವರ 2024ರ ಮಧ್ಯಂತರ ವರದಿಯಲ್ಲಿ, ಡಿಮೆನ್ಷಿಯಾ ಇರುವ ಒಬ್ಬರನ್ನೂ ಅದುವರೆಗೆ ಭೇಟಿಯಾಗಿರದ ಆರೈಕೆ ಕೇಂದ್ರದ ತಪಾಸಕರೊಬ್ಬರ ಉಲ್ಲೇಖ ಬರುತ್ತದೆ. ದಶಕಗಳ ಅನುಭವವಿರುವ ವ್ಯವಸ್ಥೆಯಲ್ಲೇ ಹೀಗೆ. ವೀಕ್ಷಣೆಗೆ ಅದರದೇ ಮಿತಿಯೂ ಇದೆ. ಮರ್ಯಾದೆಯ ದೃಷ್ಟಿಯಿಂದ ಅದು ಹಜಾರ, ಊಟದ ಕೋಣೆಗಳಿಗಷ್ಟೇ ಸೀಮಿತ. ಬಚ್ಚಲುಮನೆ, ಮಲಗುವ ಕೋಣೆಗಳ ಬಾಗಿಲು ಮುಚ್ಚಿರುತ್ತದೆ, ಅಲ್ಲಿಯೇ ಅಪಾಯ ಹೆಚ್ಚು. ಆ ಬಾಗಿಲಿನ ಹಿಂದಿನ ಸಂಗತಿಗೆ ಬೇರೆ ಕುರುಹುಗಳನ್ನು ಹುಡುಕಬೇಕು.

ಅಂಥ ಕುರುಹುಗಳಲ್ಲಿ ನನ್ನ ಮಟ್ಟಿಗೆ ಎಲ್ಲಕ್ಕಿಂತ ಪ್ರಾಮಾಣಿಕವಾದದ್ದು ತೂಕದ ಪುಸ್ತಕ. ತಿಂಗಳಿಗೊಮ್ಮೆ ತೂಕ ನೋಡಿ ಬರೆದಿದ್ದಾರೆಯೇ, ಯಾರ ತೂಕ ಇಳಿಯುತ್ತಿದೆ, ಇಳಿದದ್ದನ್ನು ಕಂಡು ಏನು ಮಾಡಿದರು ಎಂಬ ಮೂರು ಪ್ರಶ್ನೆಗಳು ಅಡುಗೆಮನೆಯ ಮೆನು ಹೇಳದ ಸತ್ಯವನ್ನು ಹೇಳುತ್ತವೆ. ತಟ್ಟೆಯಲ್ಲಿ ಅನ್ನ ಬಡಿಸಿದ್ದು ನಿಜವಿರಬಹುದು. ಆದರೆ ತುತ್ತು ನುಂಗುವುದೇ ಮರೆತವರ ಪಕ್ಕದಲ್ಲಿ ಅರ್ಧ ಗಂಟೆ ಕುಳಿತು ತಿನ್ನಿಸಲು ಒಬ್ಬರು ಬಿಡುವಾಗಿದ್ದರೇ ಎಂಬುದು ತಿಳಿಯುವುದು ತೂಕದಿಂದಲೇ. ಆದ್ದರಿಂದ ತಪಾಸಕರು ಊಟದ ಹೊತ್ತಿನಲ್ಲಿ ಅಲ್ಲಿರಬೇಕು. ಹಾಗೆಯೇ ಸಂಜೆಯಲ್ಲಿ. ಹೊತ್ತು ಮುಳುಗುತ್ತಿದ್ದಂತೆ ಅನೇಕ ರೋಗಿಗಳಿಗೆ ಕಳವಳ ಹೆಚ್ಚುತ್ತದೆ, ಮನೆಗೆ ಹೋಗಬೇಕೆಂದು ಬಾಗಿಲ ಬಳಿ ನಿಲ್ಲುತ್ತಾರೆ; ಸಿಬ್ಬಂದಿಯ ಪಾಳಿ ಬದಲಾಗುವುದೂ ಬಹುಪಾಲು ಅದೇ ಸುಮಾರಿಗೆ. ಬೆಳಗಿನ ಹನ್ನೊಂದು ಗಂಟೆಗೆ ಬಂದು ಕಾಫಿ ಕುಡಿದು ಹೋಗುವ ತಪಾಸಣೆಗೆ ಇದಾವುದೂ ಕಾಣಿಸುವುದಿಲ್ಲ.

ಬಿದ್ದವರ ಲೆಕ್ಕದ ಬಗ್ಗೆ ಒಂದು ಎಚ್ಚರಿಕೆ ಬೇಕು. ಡಿಮೆನ್ಷಿಯಾ ಇರುವವರು ನಡೆದಾಡುವ ಕೇಂದ್ರದಲ್ಲಿ ಆಗಾಗ ಯಾರಾದರೂ ಬೀಳುತ್ತಾರೆ. ಇಡೀ ವರ್ಷ ಒಬ್ಬರೂ ಬಿದ್ದಿಲ್ಲ ಎಂದು ಪುಸ್ತಕ ಹೇಳಿದರೆ, ಒಂದೋ ಬರೆದಿಲ್ಲ, ಇಲ್ಲವೇ ಯಾರನ್ನೂ ಏಳಲು ಬಿಟ್ಟಿಲ್ಲ. ಸೊನ್ನೆಯನ್ನು ಮೆಚ್ಚಿ ಅಂಕ ಕೊಡುವ ತಪಾಸಣೆ, ತಿಳಿಯದೆಯೇ, ಕುರ್ಚಿಗೆ ಪಟ್ಟಿ ಬಿಗಿಯುವವರಿಗೆ ಬಹುಮಾನ ಕೊಟ್ಟಂತಾಗುತ್ತದೆ.

ಕಟ್ಟಿಹಾಕುವುದಕ್ಕೆ ಹಗ್ಗವೇ ಬೇಕೆಂದಿಲ್ಲ. 2009ರಲ್ಲಿ ಸುಬೆ ಬ್ಯಾನರ್ಜಿ ಅವರು ಬ್ರಿಟನ್ ಸರ್ಕಾರಕ್ಕೆ ಕೊಟ್ಟ ವರದಿಯ ಅಂದಾಜಿನಂತೆ, ಆ ದೇಶದಲ್ಲಿ ವರ್ಷಕ್ಕೆ ಡಿಮೆನ್ಷಿಯಾ ಇರುವ 1,80,000 ಜನರಿಗೆ ಭ್ರಮೆ, ಉದ್ರೇಕಗಳನ್ನು ತಗ್ಗಿಸುವ ಆ್ಯಂಟಿಸೈಕೋಟಿಕ್ ಔಷಧ ಕೊಡಲಾಗುತ್ತಿತ್ತು. ಅವರಲ್ಲಿ ಹೆಚ್ಚೆಂದರೆ 36,000 ಮಂದಿಗೆ ಒಂದಿಷ್ಟು ಪ್ರಯೋಜನವಾಗುತ್ತಿತ್ತು. ಅದರಿಂದ ಹೆಚ್ಚುವರಿಯಾಗಿ ಸಾಯುತ್ತಿದ್ದವರು 1,800. ಈ ಔಷಧಗಳಿಂದ ಡಿಮೆನ್ಷಿಯಾ ಇರುವ ವೃದ್ಧರಲ್ಲಿ ಸಾವಿನ ಅಪಾಯ ಹೆಚ್ಚುತ್ತದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಸಿತ್ತು. ಇದೇ ಗುಂಪಿನ ಹ್ಯಾಲೊಪೆರಿಡಾಲ್, ಕ್ವಿಟಿಯಾಪಿನ್‌ಗಳನ್ನು ಎಂದೂ ಕೊಡಬಾರದೆಂದು ನಾನು ಹೇಳುತ್ತಿಲ್ಲ. ಕೊಡಲು ಶುರುಮಾಡಿದ್ದು ಯಾವ ಕಾರಣಕ್ಕೆ, ಅದಕ್ಕೆ ಮೊದಲು ನೋವು, ಮಲಬದ್ಧತೆ, ಮೂತ್ರದ ಸೋಂಕು ಇದೆಯೇ ಎಂದು ನೋಡಿದರೇ, ನಿಲ್ಲಿಸುವ ಬಗ್ಗೆ ಮತ್ತೆ ಯಾವಾಗ ಯೋಚಿಸಿದರು ಎಂಬುದನ್ನು ಪ್ರತಿ ರೋಗಿಯ ಔಷಧ ಚೀಟಿಯಲ್ಲೂ ಕೇಳಬೇಕು. ಮಧ್ಯಾಹ್ನ ಮೂರು ಗಂಟೆಗೆ ಇಡೀ ಹಜಾರ ತೂಕಡಿಸುತ್ತಿದ್ದರೆ ಆ ಶಾಂತಿಯನ್ನು ಅನುಮಾನಿಸಬೇಕು.

ಇನ್ನು ನಮ್ಮ ನೆಲದ ವಿಷಯ. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನವೊಂದರ ಪ್ರಕಾರ ಭಾರತದಲ್ಲಿ 60 ದಾಟಿದವರಲ್ಲಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ. ಬಹುತೇಕರು ಮನೆಯಲ್ಲೇ ಇದ್ದಾರೆ. ಮಕ್ಕಳು ದೂರದ ಊರು, ದೇಶಗಳಲ್ಲಿರುವ ಕುಟುಂಬಗಳು ಬೆಂಗಳೂರಿನಂಥ ನಗರಗಳಲ್ಲಿ ಆರೈಕೆ ಕೇಂದ್ರಗಳ ಮೊರೆಹೋಗುತ್ತಿವೆ. ಕಾನೂನು ಇಲ್ಲವೆಂದು ಹೇಳುವಂತಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಮಾನಸಿಕ ಅಸ್ವಸ್ಥತೆಯನ್ನು ವಿವರಿಸುವಾಗ ನೆನಪಿನ ಮತ್ತು ಸ್ಥಳ-ಕಾಲಗಳ ಅರಿವಿನ ತೀವ್ರ ತೊಂದರೆಯನ್ನೂ ಒಳಗೊಳ್ಳುತ್ತದೆ. ಅಂಥವರನ್ನು ಇರಿಸಿಕೊಂಡು ಆರೈಕೆ ಮಾಡುವ ಸಂಸ್ಥೆಗಳ ನೋಂದಣಿ, ಮೂರು ವರ್ಷಕ್ಕೊಮ್ಮೆ ಪರಿಶೋಧನೆ, ದೂರು ಬಂದಾಗ ತಪಾಸಣೆಗೆ ಅವಕಾಶ ಕಲ್ಪಿಸುತ್ತದೆ. ಅದರ 97ನೇ ಸೆಕ್ಷನ್ ಓದಿದರೆ ಬರೆದವರು ಇಂಥ ಕೇಂದ್ರಗಳನ್ನು ಬಲ್ಲವರೆಂದು ಅನಿಸುತ್ತದೆ: ಕಟ್ಟಿಹಾಕುವುದು ತಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ, ಮನೋವೈದ್ಯರ ಅನುಮತಿಯಿಂದ, ರೋಗಿ ನೇಮಿಸಿದ ಪ್ರತಿನಿಧಿಗೆ 24 ಗಂಟೆಯೊಳಗೆ ತಿಳಿಸಬೇಕು, ಸಿಬ್ಬಂದಿಯ ಕೊರತೆಯನ್ನೇ ಕಾರಣ ಮಾಡಿ ಕಟ್ಟುವಂತಿಲ್ಲ. ತಪಾಸಕರು ಈ ಕೊನೆಯ ಮಾತನ್ನು ಹಿಡಿದುಕೊಂಡು ರಾತ್ರಿ ಪಾಳಿಯ ಹಾಜರಾತಿ ಪುಸ್ತಕವನ್ನು ಕೇಳಬೇಕು. ರಾತ್ರಿ ಎಷ್ಟು ಜನರಿಗೆ ಎಷ್ಟು ಆಯಾಗಳು ಎಂದು ಎಣಿಸಿದರೆ, ಉಳಿದ ಉತ್ತರಗಳಲ್ಲಿ ಅರ್ಧದಷ್ಟನ್ನು ಕೇಳದೆಯೇ ಊಹಿಸಬಹುದು.

ನಮ್ಮಲ್ಲಿ ಹೊರದೇಶದ ನಮೂನೆಗಳಲ್ಲಿಲ್ಲದ ಪ್ರಶ್ನೆಗಳೂ ಬೇಕು. ವಾಸಕ್ಕೆಂದು ಕಟ್ಟಿದ ಬಾಡಿಗೆ ಮನೆಯಲ್ಲಿ ನಡೆಯುವ ಕೇಂದ್ರದಲ್ಲಿ, ರೋಗಿಗಳು ರಸ್ತೆಗೆ ಹೋಗಿಬಿಟ್ಟಾರೆಂದು ಗೇಟಿಗೂ ಮೆಟ್ಟಿಲ ಬಾಗಿಲಿಗೂ ಬೀಗ ಹಾಕಿರುತ್ತಾರೆ. ಆ ಭಯ ನ್ಯಾಯವಾದದ್ದೇ. ಆದರೆ ಬೆಂಕಿ ಬಿದ್ದರೆ ಬೀಗದ ಕೈ ಯಾರ ಬಳಿ ಇದೆ, ಮೊದಲ ಮಹಡಿಯಲ್ಲಿ ಹಾಸಿಗೆ ಹಿಡಿದವರನ್ನು ಕೆಳಗಿಳಿಸುವವರು ಯಾರು ಎಂದು ಕೇಳಿ, ಉತ್ತರವನ್ನು ಬಾಯಲ್ಲಿ ಪಡೆಯದೆ ಮಾಡಿ ತೋರಿಸಲು ಹೇಳಬೇಕು. ಭಾಷೆಯ ಪ್ರಶ್ನೆ ಇದಕ್ಕಿಂತ ಸೂಕ್ಷ್ಮ. ರೋಗ ಬಲಿತಂತೆ ಆಮೇಲೆ ಕಲಿತ ಭಾಷೆಗಳು ಮೊದಲು ಮಸುಕಾಗಿ ಮನೆಮಾತು ಉಳಿಯುವುದುಂಟು. ಜೀವನವಿಡೀ ಇಂಗ್ಲಿಷಿನಲ್ಲಿ ಕಚೇರಿ ನಡೆಸಿದವರು ಈಗ ತುಳುವಿನಲ್ಲೋ ಕೊಂಕಣಿಯಲ್ಲೋ ನೀರು ಕೇಳುತ್ತಾರೆ. ಪಕ್ಕದಲ್ಲಿರುವ ಹುಡುಗಿ ಒಡಿಶಾದಿಂದಲೋ ಜಾರ್ಖಂಡಿನಿಂದಲೋ ಬಂದವಳು. ಅವಳ ತಪ್ಪಲ್ಲ. ನೋವು, ಹಸಿವು, ಬಚ್ಚಲು, ಸಾಕು ಎಂಬ ನಾಲ್ಕಾರು ಮಾತುಗಳನ್ನಾದರೂ ಆಯಾ ರೋಗಿಯ ಮನೆಮಾತಿನಲ್ಲಿ ಅವಳಿಗೆ ಕಲಿಸಿದ್ದಾರೆಯೇ ಎಂಬುದನ್ನು ತಪಾಸಣೆಯ ನಮೂನೆಯಲ್ಲಿ ಸೇರಿಸಬೇಕೆಂಬುದು ನನ್ನ ಒತ್ತಾಯ.

ಕೇಂದ್ರ ಅನುತ್ತೀರ್ಣವಾದಾಗ ಏನು ಮಾಡುವುದು ಎಂಬುದು ಕೊನೆಗೆ ಉಳಿಯುವ ಕಷ್ಟದ ಪ್ರಶ್ನೆ. ಬೀಗ ಜಡಿಯುವುದು ಪತ್ರಿಕೆಗಳಿಗೆ ಮೆಚ್ಚಿಗೆಯಾಗುತ್ತದೆ, ಆದರೆ ಹಾಸಿಗೆ, ಕಿಟಕಿ, ಮುಖಗಳು ಬದಲಾದರೆ ಡಿಮೆನ್ಷಿಯಾ ಇರುವವರ ಗೊಂದಲ ಇಮ್ಮಡಿಸುತ್ತದೆ; ಊಟ ಬಿಡುತ್ತಾರೆ, ಬೀಳುತ್ತಾರೆ. ಹೀಗಾಗಿ ಪ್ರಾಣಾಪಾಯವಿಲ್ಲದ ಕಡೆ, ತಿದ್ದಬೇಕಾದ್ದನ್ನು ಬರಹದಲ್ಲಿ ಕೊಟ್ಟು, ಆರು ವಾರದೊಳಗೆ ಹೇಳದೆ ಮತ್ತೆ ಬಂದು ನೋಡುವುದು ಮೇಲು. ಆ ಎರಡನೆಯ ಭೇಟಿಗೂ ಮೊದಲು ಬಂದವರೇ ಬರಬೇಕು. ಮುಚ್ಚಲೇಬೇಕಾದಲ್ಲಿ, ಪ್ರತಿಯೊಬ್ಬರೂ ಹೋಗುವ ಹೊಸ ಜಾಗ ನಿಗದಿಯಾದ ಮೇಲೆಯೇ, ಪರಿಚಯದ ಒಬ್ಬ ಆಯಾ ಮೊದಲ ಕೆಲವು ದಿನ ಅವರೊಂದಿಗೆ ಅಲ್ಲಿರುವಂತೆ ವ್ಯವಸ್ಥೆ ಮಾಡಿಯೇ ಆದೇಶ ಹೊರಡಬೇಕು, ಮತ್ತು ಆ ಆಯಾಳ ಸಂಬಳವನ್ನು ಯಾರು ಕೊಡುತ್ತಾರೆಂಬುದೂ ಅದೇ ಆದೇಶದಲ್ಲಿರಬೇಕು.