ಅಂಟಾರ್ಕ್ಟಿಕಾದ ಹಾವಸೆ ಕೊಳೆಯೋಕೆ ಯಾಕಿಷ್ಟು ತಡ?

[ದೃಶ್ಯ: ಕಲ್ಲಿನ ಇಳಿಜಾರು, ಅದರ ಮೇಲೆ ದಪ್ಪನೆಯ ಹಸಿರು-ಕಂದು ಹಾವಸೆ ದಿಬ್ಬ. ಹಿಂದೆ ಮಂಜುಗಡ್ಡೆ ತೇಲುವ ಸಮುದ್ರ.]

ಇದು ಸಿಗ್ನಿ ದ್ವೀಪ. ಅಂಟಾರ್ಕ್ಟಿಕಾದ ಸೌತ್ ಆರ್ಕ್ನಿ ದ್ವೀಪಸಮೂಹದಲ್ಲಿರೋ ಪುಟ್ಟ ಜಾಗ. ಇಲ್ಲಿನ ಹಾವಸೆ ದಿಬ್ಬದಿಂದ ಬ್ರಿಟಿಷ್ ವಿಜ್ಞಾನಿಗಳು ಕೊಳವೆ ಇಳಿಸಿ ಒಂದು ಉದ್ದನೆಯ ತುಂಡನ್ನು ತೆಗೆದ್ರು. ಅದನ್ನು ಹೋಳು ಮಾಡಿ, ಹೊರಗಿನ ಬೀಜಾಣು ಸೇರದ ಹಾಗೆ ಜೋಪಾನ ಮಾಡಿ, ಪ್ರಯೋಗಾಲಯದಲ್ಲಿ ಬೆಳಕು ಮತ್ತು ಹದವಾದ ಬಿಸಿ ಕೊಟ್ಟು ಇಟ್ಟರು. ಕೆಲವೇ ವಾರಗಳಲ್ಲಿ ಒಂದು ಮೀಟರ್‌ಗಿಂತ ಆಳದ ಹೋಳಿನಿಂದಲೂ ಹಸಿರು ಚಿಗುರು ಬಂತು!

ಆ ಹೋಳಿನ ವಯಸ್ಸು ಕಾರ್ಬನ್ ಡೇಟಿಂಗ್ ಪ್ರಕಾರ 1500 ವರ್ಷಕ್ಕೂ ಹೆಚ್ಚು. ನಮ್ಮ ಲೆಕ್ಕದಲ್ಲಿ ಹೇಳೋದಾದ್ರೆ ಬನವಾಸಿಯಲ್ಲಿ ಕದಂಬರು ಆಳ್ತಿದ್ದ ಕಾಲದ ಹಾವಸೆ. 2014ರಲ್ಲಿ ಈ ಫಲಿತಾಂಶ ಪ್ರಕಟವಾಯ್ತು.

ಸರಿ, ಮತ್ತೆ ಚಿಗುರಿದ್ದು ಆಶ್ಚರ್ಯವೇ. ನನಗೆ ಅದಕ್ಕಿಂತ ಕುತೂಹಲ ಇರೋದು ಬೇರೆ ಕಡೆ: ಅಷ್ಟು ಕಾಲ ಅದು ಕೊಳೆಯದೆ ಉಳಿದಿದ್ದು ಹೇಗೆ?

[ಗ್ರಾಫಿಕ್: ದಿಬ್ಬದ ಅಡ್ಡಸೀಳು. ಮೇಲೆ ಹಸಿರು, ಕೆಳಗೆ ಕಂದು, ಅದರ ಕೆಳಗೆ ನೀಲಿ ಪದರ.]

"ಫ್ರಿಡ್ಜ್‌ನಲ್ಲಿಟ್ಟ ಸೊಪ್ಪು ಕೆಡಲ್ಲ, ಹಾಗೇ ಇದೂ" ಅಂತ ಥಟ್ಟನೆ ಹೇಳಿಬಿಡಬಹುದು. ಅರ್ಧ ಸರಿ. ದಿಬ್ಬದಲ್ಲಿ ಸುಮಾರು ಒಂದಡಿ ಕೆಳಗೆ ಹೋದ್ರೆ ಬೇಸಿಗೆಯಲ್ಲೂ ಕರಗದ ನೆಲ, ಅಂದ್ರೆ ಪರ್ಮಾಫ್ರಾಸ್ಟ್. ಹಾವಸೆ ತುದಿಯಲ್ಲಿ ವರ್ಷಕ್ಕೆ ಕೆಲವು ಮಿಲಿಮೀಟರ್ ಬೆಳೀತಾ ಹೋಗುತ್ತೆ, ಬುಡ ನಿಧಾನಕ್ಕೆ ಆ ಹೆಪ್ಪುಗಟ್ಟಿದ ಪದರದೊಳಗೆ ಸೇರುತ್ತೆ. ಅಲ್ಲಿ ಸೇರಿದ ಮೇಲೆ ಕೊಳೆಯೋ ಕೆಲಸ ಹೆಚ್ಚುಕಡಿಮೆ ನಿಂತಂತೆಯೇ. ಅಂಟಾರ್ಕ್ಟಿಕಾದ ಎಲಿಫೆಂಟ್ ದ್ವೀಪದಲ್ಲಿ ಇಂಥ ದಿಬ್ಬದ ಬುಡ ಸುಮಾರು 5500 ವರ್ಷ ಹಳೆಯದು. ಹೌದು, 1916ರಲ್ಲಿ ಧ್ರುವ ಅನ್ವೇಷಕ ಶ್ಯಾಕಲ್ಟನ್‌ನ ತಂಡ ತಿಂಗಳುಗಟ್ಟಲೆ ಸಿಕ್ಕಿಹಾಕಿಕೊಂಡಿದ್ದ ಅದೇ ದ್ವೀಪ.

ಆದ್ರೆ ಮೇಲಿನ ಒಂದಡಿ? ಅದು ಪ್ರತಿ ಬೇಸಿಗೆ ಕರಗುತ್ತೆ, ಒದ್ದೆಯಾಗುತ್ತೆ, ಗಾಳಿಯೂ ಆಡುತ್ತೆ. ಅಲ್ಲಿ ಕೊಳೆತುಹೋಗೋಕೆ ಹಾವಸೆಗೆ ಹತ್ತಾರು ವರ್ಷ ಸಮಯ ಇದೆ. ಆದರೂ ಪೂರ್ತಿ ಕೊಳೆಯಲ್ಲ. ಇದಕ್ಕೆ ಚಳಿಯೊಂದನ್ನೇ ದೂರಿದರೆ ಸಾಲದು.

ಮೊದಲನೇದಾಗಿ, ಹಾವಸೆ ತಿನ್ನೋಕೆ ಚೆನ್ನಾಗಿಲ್ಲ. ಮರಕ್ಕೆ ಗಟ್ಟಿತನ ಕೊಡೋ ಲಿಗ್ನಿನ್ ಇದರಲ್ಲಿ ಇಲ್ಲ, ಹಾಗಾಗಿ ಬೇಗ ಕರಗಬೇಕಿತ್ತು ಅನಿಸುತ್ತೆ. ಅದರ ಬದಲು ಜೀವಕೋಶದ ಗೋಡೆಗಳಲ್ಲಿ ಫೀನಾಲಿಕ್ ರಾಸಾಯನಿಕಗಳಿವೆ, ಸೂಕ್ಷ್ಮಜೀವಿಗಳ ಕಿಣ್ವಗಳಿಗೆ ಇವು ಅಡ್ಡಗಾಲು ಹಾಕ್ತವೆ. ಸಾರಜನಕ ಬಹಳ ಕಡಿಮೆ. ಬ್ಯಾಕ್ಟೀರಿಯಾ, ಶಿಲೀಂಧ್ರ ತಮ್ಮ ಮೈ ಬೆಳೆಸಿಕೊಳ್ಳೋಕೆ ಸಾರಜನಕ ಬೇಕೇ ಬೇಕು. ಜೊತೆಗೆ ದಿಬ್ಬದ ಒಳಗೆ ಆಮ್ಲೀಯ ವಾತಾವರಣ.

ಹಾಗಂತ ಸೂಕ್ಷ್ಮಜೀವಿಗಳು ಉಪವಾಸ ಕೂತಿಲ್ಲ. ನೀರು ಹೆಪ್ಪುಗಟ್ಟಿ ಕರಗಿ, ಮತ್ತೆ ಹೆಪ್ಪುಗಟ್ಟಿ ಕರಗುವಾಗ ಹಾವಸೆಯ ಕೋಶಗಳಿಂದ ಸಕ್ಕರೆ ಅಂಶ ಸೋರುತ್ತೆ. ಯೀಸ್ಟ್, ಬ್ಯಾಕ್ಟೀರಿಯಾಗಳಿಗೆ ಅದು ಹಬ್ಬ. ಆದ್ರೆ ಖರ್ಚಾಗೋದು ಆ ಸಿಹಿ ಮಾತ್ರ, ಗಟ್ಟಿ ಗೋಡೆ ಹಾಗೇ ಉಳಿಯುತ್ತೆ. ಇನ್ನು ಉತ್ತರ ಧ್ರುವದ ಕಡೆ, ಭಾರತದ ಹಿಮಾದ್ರಿ ಸಂಶೋಧನಾ ಕೇಂದ್ರ ಇರೋ ಸ್ವಾಲ್ಬಾರ್ಡ್‌ನಲ್ಲಿ, ಶಿಲೀಂಧ್ರದಂತೆ ಬದುಕುವ ಪಿಥಿಯಮ್ ಅನ್ನೋ ಜೀವಿ ಬದುಕಿರೋ ಹಾವಸೆಗೇ ರೋಗ ಹತ್ತಿಸಿ ಸಾಯಿಸುತ್ತೆ. ಚಳಿಗೆ ಎಲ್ಲವೂ ಮಲಗಿಬಿಡುತ್ತೆ ಅನ್ನೋದು ತಪ್ಪು.

[ದೃಶ್ಯ: ಸೂಕ್ಷ್ಮದರ್ಶಕದಲ್ಲಿ ಸ್ಪ್ರಿಂಗ್‌ಟೇಲ್, ನುಸಿ]

ಈಗ ಮುಖ್ಯ ವಿಷಯಕ್ಕೆ ಬರೋಣ. ನಮ್ಮ ತೋಟದಲ್ಲಿ ಬಿದ್ದ ಎಲೆಯನ್ನು ಮೊದಲು ಚೂರು ಮಾಡೋರು ಯಾರು? ಎರೆಹುಳು, ಗೆದ್ದಲು, ಸಹಸ್ರಪದಿ. ಸಿಗ್ನಿಯಲ್ಲಿ ಈ ಪೈಕಿ ಯಾರೂ ಇಲ್ಲ. ಅಲ್ಲಿರೋ ಮೂಲನಿವಾಸಿಗಳು ಕೀಟದಂಥ ಪುಟ್ಟ ಜೀವಿ ಸ್ಪ್ರಿಂಗ್‌ಟೇಲ್, ನುಸಿ, ನೀರುಕರಡಿ, ದುಂಡುಹುಳುಗಳು. ಎಲ್ಲವೂ ಪುಟಾಣಿಗಳೇ. ಚೂರು ಮಾಡೋರಿಲ್ಲ, ಆದ್ದರಿಂದ ಕೊಳೆಸೋರಿಗೂ ಕೆಲಸ ಕಷ್ಟ.

ಈ ವಾದವನ್ನು ಪರೀಕ್ಷೆ ಮಾಡೋದು ಹೇಗೆ? ಯಾರೂ ಬೇಕಂತ ಮಾಡದೇನೇ ಒಂದು ಪ್ರಯೋಗ ಅಲ್ಲಿ ನಡೆದುಹೋಗಿದೆ.

1960ರ ದಶಕದಲ್ಲಿ ಬೇರೆ ಕಡೆಯ ಗಿಡಗಳು ಸಿಗ್ನಿಯಲ್ಲಿ ಬದುಕ್ತಾವಾ ಅಂತ ನೋಡೋಕೆ ಕೆಲವನ್ನು ತಂದು ನೆಟ್ಟರು. ಬೇರಿನ ಮಣ್ಣಿನ ಜೊತೆ ಸೌತ್ ಜಾರ್ಜಿಯಾ ದ್ವೀಪದ ಒಂದು ನೊರಜು ಬಂತು. ಹೆಸರು ಎರೆಟ್ಮೊಪ್ಟೆರಾ ಮರ್ಫಿ. ರೆಕ್ಕೆ ಇದ್ದೂ ಇಲ್ಲದಂತೆ, ಹಾರಲ್ಲ. ಗಂಡು ಬೇಕಿಲ್ಲ, ಹೆಣ್ಣೊಂದೇ ಸಂತಾನ ಮಾಡಿಕೊಳ್ಳುತ್ತೆ. ಬೆಳೆದ ನೊರಜಿನ ಆಯಸ್ಸು ಕೆಲವೇ ದಿನ, ಆದ್ರೆ ಮರಿಹುಳುವಾಗಿ ಸುಮಾರು ಎರಡು ವರ್ಷ ಮಣ್ಣಲ್ಲೇ ಇದ್ದು ಸತ್ತ ಹಾವಸೆ, ಪೀಟ್ (ಅರೆಕೊಳೆತ ಹಾವಸೆಯ ಪದರ) ತಿಂತಾ ಕಳೆಯುತ್ತೆ.

ಇದು ಹರಡಿರೋ ಜಾಗಗಳಲ್ಲಿ ಇವುಗಳ ಒಟ್ಟು ತೂಕ ಅಲ್ಲಿನ ಮೂಲ ಮಣ್ಣುಜೀವಿಗಳ ಒಟ್ಟು ತೂಕವನ್ನೇ ಮೀರಿಸಿದೆ. ಮಣ್ಣಿನ ಸಾರಜನಕ ಮೂರರಿಂದ ಐದು ಪಟ್ಟು ಏರಿದೆ ಅಂತ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯ ಮತ್ತು ಬ್ರಿಟಿಷ್ ಅಂಟಾರ್ಕ್ಟಿಕ್ ಸರ್ವೆಯ ಸಂಶೋಧಕರು ಅಳೆದಿದ್ದಾರೆ. ಎರೆಹುಳು ಮಾಡಬೇಕಿದ್ದ ಕೆಲಸವನ್ನು ಈ ನೊರಜು ಕೈಗೆತ್ತಿಕೊಂಡಿದೆ. ಬಡ ಮಣ್ಣಿಗೇ ಒಗ್ಗಿಕೊಂಡ ಹಾವಸೆಗೆ ಇದು ಒಳ್ಳೆ ಸುದ್ದಿ ಅಂತ ನನಗಂತೂ ಅನಿಸಲ್ಲ.

ಅಂದ್ರೆ ಧ್ರುವದ ಹಾವಸೆ ಎಷ್ಟು ಬೇಗ ಕೊಳೆಯುತ್ತೆ ಅನ್ನೋದನ್ನು ಥರ್ಮಾಮೀಟರ್ ಮಾತ್ರ ನೋಡಿ ಹೇಳೋಕಾಗಲ್ಲ. ಅಲ್ಲಿಗೆ ಯಾರು ಬಂದ್ರು, ಏನು ಹೊತ್ತು ತಂದ್ರು ಅನ್ನೋದನ್ನೂ ನೋಡಬೇಕು.

[ದೃಶ್ಯ: ಬೂಟಿನ ಅಡಿಭಾಗದ ಸಂದುಗಳಲ್ಲಿ ಕೆಸರು. ಬ್ರಷ್ ಹಿಡಿದ ಕೈ.]

ಈ ಹುಳು ಸಿಗ್ನಿಗಿಂತ ದಕ್ಷಿಣದ ಚಳಿಯನ್ನೂ ತಡ್ಕೊಳ್ಳಬಲ್ಲದು. ಹಾರೋಕಾಗದೇ ಇದ್ದರೂ ದ್ವೀಪದಲ್ಲಿ ಅದು ಹರಡಿರೋ ಜಾಗ ನೋಡಿದ್ರೆ ಜನ ನಡೆಯೋ ಕಾಲುದಾರಿ ಅಕ್ಕಪಕ್ಕವೂ ಸಿಗುತ್ತೆ. ಅದಕ್ಕೇ ಅಲ್ಲಿ ಓಡಾಡುವ ಸಂಶೋಧಕರು ಬೂಟಿನ ಒಂದೊಂದು ಸಂದನ್ನೂ ತಿಕ್ಕಿ ತೊಳೀಬೇಕು.