ತೋಳಿನ ಸೆನ್ಸರ್ ಮತ್ತು ಸಕ್ಕರೆಯ ಗೆರೆ

ಕೇಳುಗರೆ, ನಮಸ್ಕಾರ.

ಮಧುಮೇಹ ಇರುವವರು ಬೆರಳು ಚುಚ್ಚಿ ಒಂದು ಹನಿ ರಕ್ತವನ್ನು ಪಟ್ಟಿಗೆ ಸೋಕಿಸಿದಾಗ ತಿಳಿಯುವುದು ಆ ಕ್ಷಣದ ಸಕ್ಕರೆಯ ಮಟ್ಟ ಮಾತ್ರ. ಮೀಟರು 120 ಎಂದು ತೋರಿಸಿತೆನ್ನಿ. ಸಕ್ಕರೆ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದು ಅದರಿಂದ ಗೊತ್ತಾಗದು. ಊಟಕ್ಕೆ ಮುನ್ನ ಇನ್ಸುಲಿನ್ ಚುಚ್ಚಿಕೊಳ್ಳಬೇಕಾದ ನನ್ನಂಥವರಿಗೆ ತಿಳಿಯಬೇಕಾದದ್ದು ಅದೇ. ತೋಳಿನ ಹಿಂಬದಿಗೆ ಅಂಟಿಸಿಕೊಳ್ಳುವ, ನಾಣ್ಯದಷ್ಟು ಅಗಲದ ಸೆನ್ಸರ್ ಈ ಕೊರತೆಯನ್ನು ನೀಗಿಸುತ್ತದೆ. ಹಗಲಿರುಳು ಅಳೆಯುತ್ತ, ಸಕ್ಕರೆಯ ಏರಿಳಿತವನ್ನು ಅದು ಮೊಬೈಲಿನಲ್ಲಿ ಗೆರೆಯಾಗಿ ಬರೆಯುತ್ತದೆ. ಪಕ್ಕದಲ್ಲಿ ಬಾಣದ ಗುರುತಿಟ್ಟು ಮಟ್ಟ ಯಾವ ಕಡೆಗೆ ಸಾಗಿದೆಯೆಂದೂ ತಿಳಿಸುತ್ತದೆ.

ಸೆನ್ಸರಿನ ಕೂದಲೆಳೆಯಂಥ ತಂತು ಚರ್ಮದ ಕೆಳಗೇ ನಿಲ್ಲುತ್ತದೆ, ರಕ್ತನಾಳವನ್ನು ಮುಟ್ಟುವುದಿಲ್ಲ. ಬಹುತೇಕ ಸೆನ್ಸರ್‌ಗಳಲ್ಲಿ ಈ ತಂತುವಿಗೆ ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವವನ್ನು ಲೇಪಿಸಿರುತ್ತಾರೆ. ಈ ಕಿಣ್ವದ ನೆರವಿನಿಂದ ಗ್ಲೂಕೋಸನ್ನು ವಿದ್ಯುತ್ತಿನ ಮೂಲಕ ಅಳೆಯುವ ದಾರಿಯನ್ನು ಅಮೆರಿಕದ ಲೆಲ್ಯಾಂಡ್ ಕ್ಲಾರ್ಕ್ 1962ರಲ್ಲೇ ತೋರಿಸಿದ್ದರು. ಜೀವಕೋಶಗಳ ನಡುವಿನ ದ್ರವದಲ್ಲಿರುವ ಗ್ಲೂಕೋಸನ್ನು ಇದು ಅಳೆಯುವುದರಿಂದ, ರಕ್ತದಲ್ಲಾದ ಬದಲಾವಣೆ ಇಲ್ಲಿಗೆ ತಲುಪಲು ಸುಮಾರು 5ರಿಂದ 15 ನಿಮಿಷ ಹಿಡಿಯುತ್ತದೆ.

ಸೆನ್ಸರ್ ಹಾಕಿಕೊಂಡವರು ಈ ಒಂದು ಸಂಗತಿಯನ್ನು ಚೆನ್ನಾಗಿ ಮನಸ್ಸಿಗೆ ತಂದುಕೊಂಡರೆ ಅರ್ಧ ಗಾಬರಿ ತಪ್ಪುತ್ತದೆ. ಕೈ ನಡುಗಿ, ಬೆವರಿಳಿದು, ಕಣ್ಣು ಮಂಜಾಗುತ್ತಿರುವಾಗಲೂ ಮೊಬೈಲು 85 ಎಂದೇ ತೋರಿಸುತ್ತಿದ್ದರೆ, ದೇಹದ ಮಾತನ್ನು ನಂಬಿ ಕೂಡಲೇ ಬೆರಳು ಚುಚ್ಚಿ ನೋಡಬೇಕು. ಸಕ್ಕರೆ 70ಕ್ಕಿಂತ ಕೆಳಗಿಳಿದಿದ್ದರೆ 15 ಗ್ರಾಂ ಗ್ಲೂಕೋಸ್ ತೆಗೆದುಕೊಂಡು, ಅಥವಾ ಮೂರು ನಾಲ್ಕು ಟೀ ಚಮಚ ಸಕ್ಕರೆ ಕದಡಿದ ನೀರು ಕುಡಿದು, 15 ನಿಮಿಷ ಬಿಟ್ಟು ಮತ್ತೆ ಬೆರಳಿನ ರಕ್ತವನ್ನೇ ಪರೀಕ್ಷಿಸಬೇಕು. ಆ ಹೊತ್ತಿನಲ್ಲಿ ಸೆನ್ಸರ್ ಇನ್ನೂ ಹಿಂದಿನ ಇಳಿಕೆಯನ್ನೇ ತೋರಿಸುತ್ತಿರುತ್ತದೆ. ಅದನ್ನು ನೋಡಿ ಹೆದರಿ ಮತ್ತೆ ಮತ್ತೆ ಸಿಹಿ ತಿಂದವರ ಸಕ್ಕರೆ ಎರಡು ಗಂಟೆಯೊಳಗೆ ಮಿತಿಮೀರಿ ಏರುವುದುಂಟು. ರಾತ್ರಿ ಸೆನ್ಸರ್ ಇರುವ ತೋಳಿನ ಮೇಲೆಯೇ ಒತ್ತಿ ಮಲಗಿದರೂ ಸಕ್ಕರೆ ಇಳಿದಂತೆ ತೋರಿ ಅಲಾರಂ ಕೂಗುತ್ತದೆ. ಕೆಲವು ಸೆನ್ಸರ್‌ಗಳಲ್ಲಿ ವಿಟಮಿನ್ ಸಿ ಮಾತ್ರೆಗಳನ್ನು ಹೆಚ್ಚಾಗಿ ನುಂಗಿದರೆ ನಿಜವಾಗಿ ಇಲ್ಲದ ಏರಿಕೆಯನ್ನು ಅಂಕಿ ತೋರಿಸುತ್ತದೆ. ಆದ್ದರಿಂದ ಗ್ಲೂಕೋಮೀಟರನ್ನು ಅಟ್ಟಕ್ಕೆ ಹಾಕಬೇಡಿ.

ಹಬ್ಬದ ಎಣ್ಣೆಸ್ನಾನವಿದ್ದರೆ ಹೊಸ ಸೆನ್ಸರನ್ನು ಸ್ನಾನ ಮುಗಿದು ಚರ್ಮ ಪೂರ್ತಿ ಒಣಗಿದ ಮೇಲೆ ಹಾಕಿಕೊಳ್ಳುವುದು ಲೇಸು, ಎಣ್ಣೆಯ ಪಸೆಯಲ್ಲಿ ಅಂಟು ನಿಲ್ಲುವುದಿಲ್ಲ. ಬಿಗಿ ತೋಳಿನ ರವಿಕೆ ತೊಡುವವರು ತೋಳಿನ ಅಂಚು ಸೆನ್ಸರಿಗೆ ಸಿಕ್ಕದಂತೆ ನೋಡಿಕೊಳ್ಳಬೇಕು.

ಇನ್ನು ಊಟದ ವಿಚಾರ. ರಾಗಿ ಮುದ್ದೆ ಉಂಡರೆ ಸಕ್ಕರೆ ಏರುವುದಿಲ್ಲವೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಮುದ್ದೆಯ ಗಾತ್ರ ದೊಡ್ಡದಾದರೆ ಗೆರೆ ಅನ್ನಕ್ಕೆ ಏರಿದಂತೆಯೇ ಏರುವುದನ್ನು ನಾನು ಕಂಡಿದ್ದೇನೆ. ಅದೇ ಮುದ್ದೆಯನ್ನು ಸಣ್ಣದು ಮಾಡಿಕೊಂಡು, ಸೊಪ್ಪು ಕಾಳುಗಳ ಸಾರು ಹೆಚ್ಚಿಗೆ ಬಡಿಸಿಕೊಂಡು, ಉಂಡ ಮೇಲೆ ಸ್ವಲ್ಪ ಹೊತ್ತು ನಡೆದು ಬಂದ ದಿನ ಆ ಏರು ಅರ್ಧದಲ್ಲೇ ನಿಂತಿದೆ. ಏನನ್ನೂ ತಿನ್ನದೆ ಬೆಳಗಿನ ಜಾವ ಸಕ್ಕರೆ ಏರಲು ಆ ಹೊತ್ತಿನಲ್ಲಿ ದೇಹದಲ್ಲಿ ಹೆಚ್ಚುವ ಹಾರ್ಮೋನುಗಳು ಕಾರಣ. ರಾತ್ರಿ ಕದ್ದು ತಿಂದಿರಬೇಕೆಂಬ ಮಾತು ಕೇಳಿ ನೊಂದ ಎಷ್ಟೋ ಹಿರಿಯರಿಗೆ ಈ ಗೆರೆ ಸಾಕ್ಷಿಯಾಗಿ ಒದಗುತ್ತದೆ.

ಮನೆಯವರೊಂದಿಗೆ ಒಂದು ಮಾತು ಆಡಲೇಬೇಕು. ಮಗನ ಅಥವಾ ಸೊಸೆಯ ಮೊಬೈಲಿಗೂ ಅಂಕಿ ತಲುಪುವಂತೆ ಮಾಡಿಕೊಳ್ಳಬಹುದು. ರಾತ್ರಿ ಸಕ್ಕರೆ ಕುಸಿದಾಗ ಇದು ಪ್ರಾಣವನ್ನೇ ಉಳಿಸಬಲ್ಲದು. ಆದರೆ ಅಂಕಿ 200 ದಾಟಿದೊಡನೆ "ಈಗ ಏನು ತಿಂದಿರಿ?" ಎಂದು ಫೋನು ಬರತೊಡಗಿದರೆ, ಕೆಲವೇ ವಾರಗಳಲ್ಲಿ ಸೆನ್ಸರ್ ಹಾಕಿಕೊಂಡವರು ಅದನ್ನೇ ಬೇಡವೆನ್ನುತ್ತಾರೆ. 2019ರಲ್ಲಿ ತಜ್ಞರು ಒಪ್ಪಿದ ಗುರಿಯ ಪ್ರಕಾರವೂ, ಬಹುತೇಕ ವಯಸ್ಕರಿಗೆ ದಿನದ ಶೇಕಡಾ 70ಕ್ಕಿಂತ ಹೆಚ್ಚು ಹೊತ್ತು, ಅಂದರೆ ಸುಮಾರು 17 ಗಂಟೆ, ಸಕ್ಕರೆ 70ರಿಂದ 180ರೊಳಗೆ ಇದ್ದರೆ ಸಾಕು. ವಯಸ್ಸಾದವರಿಗೆ ಈ ಗುರಿ ಇನ್ನೂ ಸಡಿಲ.

ಹತ್ತರಿಂದ ಹದಿನೈದು ದಿನ ಬರುವ ಒಂದು ಸೆನ್ಸರಿಗೆ ಸಾವಿರಾರು ರೂಪಾಯಿ ತೆರಬೇಕಾಗುತ್ತದೆ. ಮಾತ್ರೆಯಲ್ಲೇ ಸಕ್ಕರೆ ಹತೋಟಿಯಲ್ಲಿರುವವರು ಔಷಧಿ ಬದಲಾದಾಗ ವೈದ್ಯರನ್ನು ಕೇಳಿ ಒಮ್ಮೆ ಹಾಕಿಕೊಂಡರೆ ಸಾಕೆಂದು ನನ್ನ ಅಭಿಪ್ರಾಯ. ದಿನಕ್ಕೆ ನಾಲ್ಕು ಬಾರಿ ಇನ್ಸುಲಿನ್ ಚುಚ್ಚಿಸಿಕೊಳ್ಳುವ, ಟೈಪ್ ಒಂದು ಮಧುಮೇಹದ ಮಕ್ಕಳಿಗಂತೂ ಇದು ಸದಾ ಬೇಕು, ಅದರ ಖರ್ಚನ್ನು ಸರ್ಕಾರ ಹೊರುವುದು ನ್ಯಾಯ. ಅಂಥ ಮಗು ನಿಮ್ಮ ತರಗತಿಯಲ್ಲಿದ್ದರೆ, ಶಿಕ್ಷಕರೆ, ಅದರ ಮೊಬೈಲನ್ನು ಕಸಿದಿಡಬೇಡಿ. ಪರೀಕ್ಷೆಯ ನಡುವೆ ಅಲಾರಂ ಕೂಗಿದರೂ ಮೊದಲು ಗ್ಲೂಕೋಸ್ ಕೊಟ್ಟು ಕೂರಿಸಿ, ಬರೆಯಲು ತಪ್ಪಿದ ಸಮಯವನ್ನು ಆಮೇಲೆ ಸೇರಿಸಿಕೊಡಿ.

ನಮಸ್ಕಾರ.